ಹಾಲ್ ಹಿಂದಕ್ಕೆ ಬೆಳೆಸಿದ ಮೇಲೆ ಉಳಿದ ಖಾಲಿ ಮೂಲೆ: ಏನು ಮಾಡಬಹುದು?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಹಳೆಯ ಮನೆ, ಮಾವನವರು ಕಟ್ಟಿಸಿದ್ದು. ಬಾಗಿಲು ಪೂರ್ವಕ್ಕಿದೆ. ಹೋದ ವರ್ಷ ಹಿತ್ತಲ ಕಡೆಗೆ 8 ಅಡಿ ಬೆಳೆಸಿ ಹಾಲ್ ದೊಡ್ಡದು ಮಾಡಿಸಿದೆವು. ಹಿಂದಿನ ಗೋಡೆಯನ್ನು ಪೂರ್ತಿ ಒಡೆಯುವ ಹಾಗಿಲ್ಲ ಎಂದು ಇಂಜಿನಿಯರ್ ಹೇಳಿದ್ದರಿಂದ ದಕ್ಷಿಣದ ಕಡೆ 4 ಅಡಿ ಗೋಡೆ ಹಾಗೇ ಉಳಿಯಿತು. ಮಿಕ್ಕಿದ್ದಕ್ಕೆ ಬೀಮ್ ಕೊಟ್ಟಿದ್ದಾರೆ. ಈಗ ಆ ತುಂಡು ಗೋಡೆಯ ಹಿಂದೆ ಒಂದು ಮೂಲೆಯಾಗಿದೆ. ಅಗಲ 4 ಅಡಿ, ಉದ್ದ 8 ಅಡಿ. ಪಶ್ಚಿಮಕ್ಕೆ ಒಂದು ಕಿಟಕಿ. ನೆಲವೂ ಬೇರೆ ಬೇರೆ. ಹಳೇ ಹಾಲ್‌ಗೆ ರೆಡ್ ಆಕ್ಸೈಡ್, ಹೊಸದಕ್ಕೆ ಟೈಲ್ಸ್, ಅದೂ 2 ಇಂಚು ಎತ್ತರದಲ್ಲಿ.

ಸೋಫಾದಲ್ಲಿ ಕೂತರೆ ಆ ಮೂಲೆ ಕಾಣುವುದೇ ಇಲ್ಲ. ಕಾಣುವುದಿಲ್ಲವಲ್ಲ ಅಂತ ಎಲ್ಲರೂ ಎಲ್ಲವನ್ನೂ ಅಲ್ಲೇ ತಂದು ಹಾಕುತ್ತಾರೆ. ಈಗ ಅಲ್ಲಿರುವುದು: ಇಸ್ತ್ರಿ ಟೇಬಲ್, ಮಿಕ್ಸಿ ಬಂದ ಡಬ್ಬ, ರದ್ದಿ ಪೇಪರ್, ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಗೋಡೆ ಗಡಿಯಾರಗಳು (ಒಂದೂ ನಡೆಯುತ್ತಿಲ್ಲ), ದಸರಾ ಗೊಂಬೆಗಳ ಪೆಟ್ಟಿಗೆಗಳು.

ನಮ್ಮ ಯಜಮಾನರಿಗೆ ಅಲ್ಲಿ ಅಕ್ವೇರಿಯಂ ಬೇಕಂತೆ. ಮಗಳು ಪಿಯುಸಿ, ಅವಳಿಗೆ ಓದುವ ಟೇಬಲ್ ಬೇಕಂತೆ. ನನಗೆ ಉಯ್ಯಾಲೆಯ ಆಸೆ. ಅತ್ತೆಯವರು ಏನೂ ಹೇಳಿಲ್ಲ. ಫೋಟೊ ಹಾಕಿದ್ದೇನೆ. ಐಡಿಯಾ ಕೊಡಿ.

ಬಾಡಿಗೆ ಮನೆಯವ

ಮೇಡಂ, 32 ಚದರಡಿ ಮೂಲೆ! ಬೆಂಗಳೂರಿನಲ್ಲಿ ಇದಕ್ಕೆ ಒಂದು ಕರ್ಟನ್ ಹಾಕಿ ಪಿಜಿ ಅಂತ ಬೋರ್ಡ್ ತೂಗಿಸುತ್ತಾರೆ.

ಗಿಡದ ಹುಚ್ಚು

ಗಿಡ ಇಡಿ ಅಕ್ಕ. ಕಿಟಕಿ ಇದೆ, ಇನ್ನೇನು ಬೇಕು? ಒಂದು ದೊಡ್ಡ ಅರೆಕಾ ಪಾಮ್, ಪಕ್ಕದಲ್ಲಿ ಎರಡು ಸ್ನೇಕ್ ಪ್ಲಾಂಟ್, ಮೇಲಿಂದ ಇಳಿಬಿಟ್ಟ ಮನಿ ಪ್ಲಾಂಟ್. ಮೂಲೆ ಮುಗಿಯಿತು.

ವಾಸ್ತು ನಂಬುವವ

ಪೂರ್ವಕ್ಕೆ ಬಾಗಿಲು, ಹಿಂದೆ ಪಶ್ಚಿಮ, ಪಕ್ಕ ದಕ್ಷಿಣ. ಅಂದರೆ ಇದು ನೈಋತ್ಯ ಮೂಲೆ. ಭಾರ ಇರಬೇಕಾದ ಜಾಗ. ಅಕ್ವೇರಿಯಂ ಬೇಡವೇ ಬೇಡ, ನೀರು ಈಶಾನ್ಯಕ್ಕೆ. ಒಂದು ಗಾಡ್ರೇಜ್ ಬೀರು ತಂದು ನಿಲ್ಲಿಸಿ, ಮನೆಗೆ ಒಳ್ಳೆಯದು.

ಬಾಡಿಗೆ ಮನೆಯವ

ಈಗಲೇ ರದ್ದಿ ಪೇಪರ್ ಭಾರ ಸಾಕಷ್ಟಿದೆಯಲ್ಲ ಸರ್.

ಸೈಟ್ ಇಂಜಿನಿಯರ್

ಮೇಡಂ, ಏನಿಡಬೇಕು ಅನ್ನುವುದು ಆಮೇಲೆ. ನಿಮ್ಮ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ತುಂಡು ಗೋಡೆಯೂ ಹೊಸ ದಕ್ಷಿಣದ ಗೋಡೆಯೂ ಸೇರುವ ಕಡೆ ಮೇಲಿನಿಂದ ಕೆಳಗಿನ ತನಕ ಸಣ್ಣ ಗೆರೆ ಇದೆ. ಅದರ ಬಲಕ್ಕೆ, ನೆಲದಿಂದ ಒಂದಡಿ ಎತ್ತರದಲ್ಲಿ ಬಣ್ಣ ಉಬ್ಬಿದ ಹಾಗಿದೆ. ಇವೆರಡೂ ಬೇರೆ ಬೇರೆ ವಿಷಯ.

ಮೊದಲು ಗೆರೆ. ಹಳೆಯ ಮನೆಯ ಪಾಯ ಇಷ್ಟು ವರ್ಷದಲ್ಲಿ ಕೂರಬೇಕಾದಷ್ಟು ಕೂತಿರುತ್ತದೆ. ಹೊಸ ಪಾಯ ಈಗಷ್ಟೇ ಕೂರಲು ಶುರು ಮಾಡಿರುತ್ತದೆ. ಎರಡೂ ಸೇರುವ ಕಡೆ ಬಿರುಕು ಬರುವುದು ಹೆಚ್ಚಿನ ಮನೆಗಳಲ್ಲಿ ಇದ್ದದ್ದೇ. ನೇರವಾಗಿ, ಕೂದಲೆಳೆಯಷ್ಟು ಇದ್ದರೆ ಗಾಬರಿ ಬೇಡ. ಓರೆಯಾಗಿ ಹೋಗುತ್ತಿದ್ದರೆ, ಅಥವಾ ದಿನ ಕಳೆದಂತೆ ಅಗಲವಾಗುತ್ತಿದ್ದರೆ ಮಾತ್ರ ಯಾರನ್ನಾದರೂ ಕರೆದು ತೋರಿಸಬೇಕು.

ಇದನ್ನು ತಿಳಿಯುವ ಸುಲಭ ದಾರಿ: ಬಿರುಕಿನ ತುದಿಯಲ್ಲಿ ಪೆನ್ಸಿಲ್‌ನಿಂದ ಒಂದು ಅಡ್ಡಗೆರೆ ಹಾಕಿ ತಾರೀಕು ಬರೆಯಿರಿ. ಎರಡು ಮೂರು ಕಡೆ ಅಗಲ ಎಷ್ಟಿದೆ ಅಂತಲೂ ಪಕ್ಕದಲ್ಲೇ ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಗೆರೆ ದಾಟಿ ಮುಂದೆ ಹೋಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಇನ್ನು ಉಬ್ಬಿದ ಬಣ್ಣ. ಅಲ್ಲಿ ತೇವ ಇದೆ ಅನಿಸುತ್ತದೆ. ತೇವ ಗೋಡೆಯದೋ ಕೋಣೆಯ ಗಾಳಿಯದೋ ನೋಡಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ಆ ಜಾಗಕ್ಕೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಒಳಗೆ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯಲ್ಲೇ ತೇವ ಜಾಸ್ತಿ, ಗಾಳಿ ಆಡಬೇಕು.

ಅದು ಗೊತ್ತಾಗುವ ತನಕ ಬೀರು, ಶೆಲ್ಫ್, ವಾಲ್‌ಪೇಪರ್ ಯಾವುದೂ ಬೇಡ.

ಕುಡ್ಲದ ಮಳೆ

ಇಂಜಿನಿಯರ್ ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವನ್ನು ಗೋಡೆಗೆ ಒತ್ತಿ ಇಟ್ಟರೆ ಅದರ ಬೆನ್ನಿಗೆ ಬೂಸ್ಟು ಬಂದು, ಒಳಗಿನ ಸೀರೆಗೂ ವಾಸನೆ ಹತ್ತುತ್ತದೆ. ಮುಂಗಾರು ಮಳೆ ಹೊಡೆಯುವುದೇ ನೈಋತ್ಯದ ಕಡೆಯಿಂದ. ನಿಮ್ಮ ಮೂಲೆ ಅದಕ್ಕೇ ಮುಖ ಕೊಟ್ಟು ನಿಂತಿದೆ. ಏನೇ ಇಟ್ಟರೂ ಗೋಡೆಯಿಂದ ಎರಡು ಇಂಚು ದೂರ ಇಡಿ.

ವಾಸ್ತು ನಂಬುವವ

ಎರಡು ಇಂಚು ದೂರ ಇಟ್ಟರೂ ಭಾರ ಭಾರವೇ. ನನ್ನ ಅಭ್ಯಂತರ ಇಲ್ಲ.

ಹುಬ್ಬಳ್ಳಿ ಮಂದಿ

ನೋಡ್ರಿ ಅಕ್ಕಾರ, ಬಿರುಕಿನ ಮಾತು ಬಂತಂದ್ರ ನಮ್ಮನ್ನ ಕೇಳಬೇಕು. ನಮ್ಮ ಕಡೆ ಎರೆಮಣ್ಣು. ಮಳೆ ಬಂದರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಬಾಯಿ ತೆರೆದ ಬಿರುಕು ಆಗಸ್ಟ್‌ನಲ್ಲಿ ತಾನೇ ಮುಚ್ಚಿಕೊಂಡಿರುತ್ತದೆ. ನೀವು ಒಂದು ಸಲ ನೋಡಿ ‘ಸರಿ ಹೋಯಿತು’ ಅಂದುಕೊಂಡರೆ ಕೆಟ್ಟಿರಿ. ಮೈಸೂರಿನ ಕಡೆ ಹೆಚ್ಚಾಗಿ ಕೆಂಪು ಮಣ್ಣು, ನಿಮಗೆ ಅಷ್ಟು ಕಾಟ ಇರಲಿಕ್ಕಿಲ್ಲ. ಆದರೂ ಎರಡು ಕಾಲ ಕಾಯಿರಿ ಅಂದದ್ದು ಖರೆ.

ಕುವೆಂಪುನಗರದವಳು

ಅಲಂಕಾರ ಕೇಳಿದರೆ ಪಾಯದವರೆಗೆ ಹೋದಿರಲ್ಲ! ಹಾಳೆ ಅಂಟಿಸಿದ್ದೇನೆ. ಅಲ್ಲಿಯವರೆಗೆ ಉಯ್ಯಾಲೆಯ ವಿಷಯ ಯಾರಾದರೂ ಹೇಳಿ.

ಸೈಟ್ ಇಂಜಿನಿಯರ್

ಉಯ್ಯಾಲೆ ಆಡಲು ಮುಂದೆ ಹಿಂದೆ ಮೂರು ಮೂರು ಅಡಿಯಾದರೂ ಬೇಕು. ಹಲಗೆ 2 ಅಡಿ. ಅಲ್ಲಿಗೆ ನಿಮ್ಮ 8 ಅಡಿ ಮುಗಿಯಿತು. ಬೇರೆ ಏನನ್ನೂ ಇಡುವ ಹಾಗಿಲ್ಲ. ಮುಂದೆ ಹೋದರೆ ಕಿಟಕಿ, ಹಿಂದೆ ಬಂದರೆ ತುಂಡು ಗೋಡೆ. ಕೊಕ್ಕೆಯನ್ನು ಸ್ಲ್ಯಾಬ್ ಹಾಕುವಾಗಲೇ ಸರಳಿಗೆ ಸೇರಿಸಿ ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಈಗ ಡ್ರಿಲ್ ಮಾಡಿ ಹಾಕಬೇಕು. ಸುಮ್ನೆ ಕೂತ ಭಾರ ಬೇರೆ, ತೂಗುವಾಗಿನ ಭಾರ ಬೇರೆ. ಸ್ಲ್ಯಾಬ್ ನೋಡಿದ ಇಂಜಿನಿಯರ್ ಒಪ್ಪಿದರೆ ಮಾತ್ರ ಮಾಡಿ. ಫ್ಯಾನ್ ಕೊಕ್ಕೆಗೆ ಕಟ್ಟುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ.

ಅಕ್ವೇರಿಯಂ ಲೆಕ್ಕವನ್ನೂ ಹೇಳಿಬಿಡುತ್ತೇನೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಅಂದರೆ ನಾಲ್ಕೂವರೆ ಘನ ಅಡಿ. ಸುಮಾರು 127 ಲೀಟರ್ ನೀರು. ನೀರೇ 127 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ನೆಲದ ಮೇಲಾದ್ದರಿಂದ ತೂಕ ತೊಂದರೆ ಅಲ್ಲ. ಆದರೆ ಪಶ್ಚಿಮದ ಬಿಸಿಲು ನೇರವಾಗಿ ಬಿದ್ದರೆ ನೀರು ಬೇಗ ಹಸಿರು ಕಟ್ಟುತ್ತದೆ. ತಿಕ್ಕುವವರು ಯಾರು ಅಂತ ಮೊದಲು ತೀರ್ಮಾನ ಮಾಡಿ.

ಕುವೆಂಪುನಗರದವಳು

ತಿಕ್ಕುವವರು ಯಾರು ಅಂತ ಕೇಳಿದೆ. ಅಕ್ವೇರಿಯಂ ಕ್ಯಾನ್ಸಲ್ ಆಯಿತು.

ಶಿರಸಿ ಕಡೆಯವಳು

ನಾನೊಂದು ಕೇಳಲಾ? ಎಲ್ಲರೂ ಏನಿಡಬೇಕು ಅಂತಲೇ ಹೇಳುತ್ತಿದ್ದೀರಿ. ಅಲ್ಲಿ ಯಾರು ಕೂರುತ್ತಾರೆ ಅಂತ ಯಾರೂ ಕೇಳಲಿಲ್ಲ.

ನಮ್ಮ ಹಳ್ಳಿ ಮನೆಯಲ್ಲಿ ಖಾಲಿ ಮೂಲೆ ಅಂತ ಇರಲಿಲ್ಲ. ಜಗಲಿಯ ತುದಿಯಲ್ಲಿ ಅಜ್ಜನ ಕವಳದ ತಟ್ಟೆ. ಒಳ ಜಗಲಿಯ ಕಿಟಕಿ ಕೆಳಗೆ ಅಮ್ಮ ಬಾಳೆನಾರಲ್ಲಿ ಹೂ ಕಟ್ಟುತ್ತಿದ್ದಳು. ಅಡಿಕೆ ಸುಲಿಯುವ ಕಾಲಕ್ಕೆ ಒಂದು ಮೂಲೆ, ಹಪ್ಪಳದ ಕಾಲಕ್ಕೆ ಇನ್ನೊಂದು. ಶೋಕಿಗೆ ಇಟ್ಟ ಒಂದು ಸಾಮಾನೂ ಇರಲಿಲ್ಲ, ಆದರೂ ಬಂದವರು ಆ ಜಾಗಗಳನ್ನೇ ನೋಡುತ್ತಿದ್ದರು. ಈಗ ಪೇಟೆ ಮನೆಯಲ್ಲಿ ಎಲ್ಲರೂ ಮೊದಲು ಹೂದಾನಿ ತರುತ್ತಾರೆ, ಆಮೇಲೆ ಅದರ ಧೂಳು ಒರೆಸುತ್ತಾ ಕೂರುತ್ತಾರೆ. ನನಗಂತೂ ಇದು ತಲೆಕೆಳಗು ಅನಿಸುತ್ತದೆ.

ಆ ಸಾಮಾನೆಲ್ಲ ತೆಗೆದು ಅಲ್ಲಿ ಒಂದು ಕುರ್ಚಿ ಮಾತ್ರ ಹಾಕಿ. ಏನೂ ಹೇಳಬೇಡಿ. ಯಾರು ಬಂದು ಕೂರುತ್ತಾರೆ, ಯಾವ ಹೊತ್ತಿಗೆ, ಏನು ಮಾಡುತ್ತಾರೆ, ನೋಡುತ್ತಾ ಇರಿ.

ಮರಗೆಲಸ

ಈ ಮಾತು ಚೆನ್ನಾಗಿದೆ. ನಾವು ಕೆಲಸಕ್ಕೆ ಹೋದ ಮನೆಗಳಲ್ಲಿ ಮೂಲೆಗೆ ಅಂತ ಮಾಡಿಸಿಕೊಂಡ ತ್ರಿಕೋನದ ಶೆಲ್ಫ್ ಎಷ್ಟೋ. ಅದರಲ್ಲಿ ಏನಿರುತ್ತದೆ ಹೇಳಲಾ? ಮೇಲಿನ ತಟ್ಟೆಯಲ್ಲಿ ಶೀಲ್ಡು, ನಡುವೆ ಔಷಧದ ಚೀಟಿ, ಕೆಳಗೆ ಚಾರ್ಜರ್ ವೈರು.

ವಾಸ್ತು ನಂಬುವವ

ಖಾಲಿ ಕುರ್ಚಿಯನ್ನು ನೈಋತ್ಯದಲ್ಲಿ... ಸರಿ ಬಿಡಿ, ಮನೆಯ ಹಿರಿಯರು ಕೂತರೆ ಬಹಳ ಒಳ್ಳೆಯದು. ಯಜಮಾನನ ಜಾಗ ಅದು.

ಕುವೆಂಪುನಗರದವಳು

ವರದಿ ಒಪ್ಪಿಸುತ್ತಿದ್ದೇನೆ.

ಹಾಳೆ: ಒಳಮೈಯಲ್ಲಿ ಹನಿ ಕಟ್ಟಿತ್ತು. ಅಂದರೆ ಗೋಡೆಯ ನೀರು. ಹೊರಗೆ ಹೋಗಿ ನೋಡಿದರೆ, ಕೆಲಸ ಮುಗಿಸಿ ಹೋಗುವಾಗ ಮೇಸ್ತ್ರಿ ಉಳಿದ ಮಣ್ಣನ್ನೆಲ್ಲ ಆ ಗೋಡೆಗೇ ಒತ್ತಿ ಗುಡ್ಡೆ ಹಾಕಿ ಹೋಗಿದ್ದಾರೆ. ಅದರ ಮೇಲೆ ತಾನೇ ಹುಟ್ಟಿದ ಪಪ್ಪಾಯ ಗಿಡ ಬೇರೆ.

ಕುರ್ಚಿ: ನನ್ನ ಲೆಕ್ಕ ಎಲ್ಲ ತಲೆಕೆಳಗಾಯಿತು. ಮಗಳು ಅಲ್ಲಿ ಓದಲು ಕೂರಲೇ ಇಲ್ಲ. ಫ್ರೆಂಡ್ಸ್ ಜೊತೆ ಮಾತಾಡಲು ಮಾತ್ರ ಹೋಗುತ್ತಾಳೆ, ಯಾರಿಗೂ ಕಾಣುವುದಿಲ್ಲವಲ್ಲ. ದಿನಾ ಕೂರುವವರು ಅತ್ತೆ. ಬೆಳಗ್ಗೆ ತಿಂಡಿ ಆದ ಮೇಲೆ ಹೋಗುತ್ತಾರೆ. ಕಿಟಕಿಯಿಂದ ಹಿಂದಿನ ಮನೆಯವರ ಹಿತ್ತಲು ಕಾಣುತ್ತದೆ. ಅಲ್ಲಿಯ ಅಜ್ಜಿಯೂ ಇವರೂ ಕಿಟಕಿಯಲ್ಲೇ ಮಾತು. ಸೊಪ್ಪು ಸೋಸುವುದೂ ಅಲ್ಲೇ. ಸೊಪ್ಪಿನ ಬುಟ್ಟಿ ಇಡಲು ಜಾಗ ಇಲ್ಲ ಅಂತ ಇಸ್ತ್ರಿ ಟೇಬಲನ್ನು ತಗ್ಗಿಸಿ ಪಕ್ಕಕ್ಕೆ ಎಳೆದುಕೊಂಡಿದ್ದಾರೆ. ಮಧ್ಯಾಹ್ನ ಮಾತ್ರ ಯಾರೂ ಹೋಗುವುದಿಲ್ಲ, ಬಿಸಿಲು ಮುಖಕ್ಕೇ ಹೊಡೆಯುತ್ತದೆ.

ಶಿರಸಿ ಕಡೆಯವಳು

ನೋಡಿದಿರಾ! ಏನೂ ಹೇಳದೆ ಇದ್ದವರದ್ದೇ ಜಾಗ ಅದು.

ಸೈಟ್ ಇಂಜಿನಿಯರ್

ತೇವದ ಕಾರಣ ಸಿಕ್ಕಿತು. ಗೋಡೆಯ ಬುಡದಲ್ಲಿ ನೆಲದ ತೇವ ಮೇಲೇರದಂತೆ ಡಿಪಿಸಿ ಅಂತ ಒಂದು ಪದರ ಹಾಕಿರುತ್ತಾರೆ. ಹೊರಗಿನ ಮಣ್ಣು ಅದಕ್ಕಿಂತ ಆರು ಇಂಚಾದರೂ ಕೆಳಗಿರಬೇಕು. ಮಣ್ಣು ಅದನ್ನು ದಾಟಿ ಮೇಲೆ ಕೂತರೆ ಆ ಪದರ ಇದ್ದೂ ಇಲ್ಲದ ಹಾಗೆ. ಮೊದಲು ಆ ಗುಡ್ಡೆ ತೆಗೆಸಿ. ಪಪ್ಪಾಯ ಬೇರೆ ಕಡೆ ಹೋಗಲಿ. ಬುಡದಲ್ಲಿ ನೀರು ನಿಲ್ಲದಂತೆ ಹೊರಕ್ಕೆ ಇಳಿಜಾರು ಕೊಡಿಸಿ. ಟೆರೇಸ್ ನೀರಿನ ಪೈಪು ಅಲ್ಲೇ ಬಿಟ್ಟಿದ್ದರೆ ಅದನ್ನೂ ದೂರ ಹರಿಸಿ.

ಒಳಗೆ ಉಬ್ಬಿದ ಬಣ್ಣ, ಪುಟ್ಟಿ ಎರಡನ್ನೂ ಕೆರೆದು ಗೋಡೆಯನ್ನು ಬೆತ್ತಲೆ ಬಿಡಿ. ಒಣಗಲು ವಾರಗಳೇ ಬೇಕು, ಅವಸರ ಬೇಡ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು ಅನ್ನುವವರು ಬರುತ್ತಾರೆ. ನೀರು ಹೊರಗಿನಿಂದ ಬರುತ್ತಿರುವಾಗ ಒಳಗೆ ಮುಚ್ಚಿದರೆ ಅದು ಇನ್ನೊಂದು ಕಡೆ ಏಳುತ್ತದೆ, ಅಷ್ಟೇ. ಮತ್ತೆ ಹಾಳೆ ಅಂಟಿಸಿ ನೋಡಿ, ಒಳಮೈ ಒಣಗಿದ್ದರೆ ಬಣ್ಣ.

ಮರಗೆಲಸ

ಅಮ್ಮನವರಿಗೆ ಕುರ್ಚಿಗಿಂತ ಕಿಟಕಿ ಕೆಳಗೆ ಒಂದು ಬೆಂಚು ಮಾಡಿಸಿ ಮೇಡಂ. ಅಳತೆ ಹೇಳಿ: ಕಿಟಕಿ ಕೆಳ ಅಂಚು ನೆಲದಿಂದ ಎಷ್ಟು? ಮಂಡಿ ನೋವು ಇದೆಯಾ?

ಕುವೆಂಪುನಗರದವಳು

ಕಿಟಕಿ 3 ಅಡಿ ಎತ್ತರದಿಂದ ಶುರು. ಮಂಡಿ ನೋವು ಇದೆ. ಏಳುವಾಗ ಕೈ ಊರಬೇಕು.

ಮರಗೆಲಸ

ಹಾಗಾದರೆ ಸಾಮಾನ್ಯ ದಿವಾನದ 16 ಇಂಚು ಬೇಡ. ಹಾಸಿಗೆ ಸೇರಿ 18ರಿಂದ 19 ಇಂಚು ಇರಲಿ. ಇನ್ನೂ ಎತ್ತರ ಮಾಡಿದರೆ ಕಾಲು ನೆಲಕ್ಕೆ ತಾಗದೆ ತೊಡೆ ಜೋಮು ಹಿಡಿಯುತ್ತದೆ. ಹಾಸಿಗೆ ಮೆತ್ತಗಿದ್ದರೆ ಕೂತಾಗ ಒಳಕ್ಕೆ ಹೋಗುತ್ತದೆ, ಎದ್ದೇಳುವುದು ಕಷ್ಟ. ಗಟ್ಟಿ ಫೋಮ್, ಇಲ್ಲವೇ ಹತ್ತಿಯದ್ದಾದರೆ ಬಿಗಿಯಾಗಿ ತುಂಬಿಸಿದ್ದು. ಕೂರುವ ಅಗಲ 20 ಇಂಚು ಸಾಕು. ಒಂದು ತುದಿಗೆ ಗಟ್ಟಿ ಕೈ ಹಿಡಿ ಕೊಡಿ, ಊರಿಕೊಂಡು ಏಳಲು.

ಒಳಗೆ ಪೆಟ್ಟಿಗೆ ಮಾಡಿಸುವುದಾದರೆ ಮುಚ್ಚಳ ಮೇಲೆತ್ತುವ ಹಾಗೆ ಬೇಡ. ಪ್ರತಿ ಸಲ ಹಾಸಿಗೆ ಎತ್ತಬೇಕು, ಅಮ್ಮನವರನ್ನು ಎಬ್ಬಿಸಬೇಕು. ಮುಂದಿನಿಂದ ಎಳೆಯುವ ಡ್ರಾಯರ್ ಮಾಡಿಸಿ. ಗೊಂಬೆ ಪೆಟ್ಟಿಗೆಗಳು ಅದರೊಳಗೆ ಹೋಗುತ್ತವೆ.

ಪ್ಲೈವುಡ್‌ನಲ್ಲಿ ಐಎಸ್ 710 ಅಂತ ಮುದ್ರೆ ಇರುವ ಮೆರೈನ್ ತಗೊಳ್ಳಿ. ತೇವ ಕಂಡ ಗೋಡೆ ಅದು, ಇಲ್ಲಿ ಕಂಜೂಸ್ ಮಾಡಬೇಡಿ. ಬೆನ್ನಿಗೆ ಗೋಡೆಯಿಂದ ಎರಡು ಇಂಚು ಬಿಟ್ಟು, ಆ ಸಂದಿಯ ಮೇಲೆ ತೂತಿನ ಪಟ್ಟಿ ಕೊಟ್ಟರೆ ಗಾಳಿ ಆಡುತ್ತದೆ, ಹೇರ್‌ಪಿನ್ನೂ ಬೀಳುವುದಿಲ್ಲ. ಬುಡವನ್ನು ನೆಲಕ್ಕೆ ಮುಚ್ಚದೆ 4 ಇಂಚಿನ ಕಾಲು ಕೊಡಿ. ಕಸ ಗುಡಿಸಲೂ ಆಗುತ್ತದೆ.

ಹುಬ್ಬಳ್ಳಿ ಮಂದಿ

ಬೆಂಚಿನ ಮೇಲೆ ನವಲಗುಂದದ ಜಮಖಾನ ಹಾಸ್ರಿ. ನಮ್ಮ ಧಾರವಾಡ ಜಿಲ್ಲೆಯದು, ಹೆಣ್ಣುಮಕ್ಕಳೇ ಮಗ್ಗದಲ್ಲಿ ನೇಯುತ್ತಾರೆ. ನವಿಲು, ಪಗಡೆ ಹಾಸಿನ ವಿನ್ಯಾಸ ಇರುತ್ತದೆ. ಗಟ್ಟಿ ಹತ್ತಿ, ಸೊಪ್ಪು ಸೋಸಿದ ಮಣ್ಣು ಬಿದ್ದರೂ ಝಾಡಿಸಿದರೆ ಆಯಿತು.

ಆ ತುಂಡು ಗೋಡೆಯ ಬೆನ್ನು ಇದೆಯಲ್ಲ, ಅದಕ್ಕೆ ಒಂದು ಕೌದಿ ತೂಗಿಸಿ. ಹಳೇ ಸೀರೆ, ಧೋತರದ ತುಂಡು ಸೇರಿಸಿ ಕೈಯಲ್ಲಿ ಹೊಲೆದದ್ದು. ಹೊದೆಯುವವರು ಕಡಿಮೆ ಆಗಿದ್ದಾರೆ, ಟ್ರಂಕಿನಲ್ಲಿ ಮಡಚಿ ಇಟ್ಟಿರುತ್ತಾರೆ. ಗೋಡೆಗೆ ಬಂದರೆ ಏನು ಚೆಂದ ಅಂತೀರಿ!

ಶಿರಸಿ ಕಡೆಯವಳು

ಕೌದಿ ಅಂದರೆ ನಮ್ಮ ಜಿಲ್ಲೆಯ ಸಿದ್ದಿ ಹೆಂಗಸರದ್ದನ್ನೂ ಹೇಳಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರು ಹೊಲೆಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಕ್ಕೆ ಬರುತ್ತಾರೆ. ಹೊಲಿಗೆಯ ಸಾಲು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೆಷಿನ್ ಪ್ಯಾಚ್‌ವರ್ಕ್ ಬೇಡ.

ಗೋಡೆಗೇ ಬರೆಸುವ ಮನಸ್ಸಿದ್ದರೆ ಹಸೆ ಚಿತ್ತಾರ ಇದೆ. ಸಾಗರದ ಕಡೆ ದೀವರ ಮನೆಗಳದ್ದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಆದರೆ ತೇವದ ಗೋಡೆಯ ಮೇಲೆ ಮಾತ್ರ ಬೇಡ, ಇಷ್ಟೊಂದು ಕೈಕೆಲಸ ಒಂದೇ ಮಳೆಗಾಲಕ್ಕೆ ಉದುರಿದರೆ ಹೊಟ್ಟೆ ಉರಿಯುತ್ತದೆ.

ಕುವೆಂಪುನಗರದವಳು

ಕೌದಿ! ನಮ್ಮ ಅತ್ತೆಯವರ ತವರು ಬಾಗಲಕೋಟೆ ಕಡೆ. ಅವರ ಅಮ್ಮ ಹೊಲೆದ ಕೌದಿ ಇವತ್ತಿಗೂ ಅಟ್ಟದ ಮೇಲಿದೆ. ಕೇಳಿದರೆ ‘ಅದನ್ಯಾಕ ಗ್ವಾಡಿಗೆ ಹಾಕ್ತಿ, ಜನ ನಗ್ತಾರ’ ಅಂದರು. ಆಮೇಲೆ ತಾವೇ ಇಳಿಸಿ ಬಿಸಿಲಿಗೆ ಹಾಕಿದ್ದಾರೆ. ಒಂದು ಮೂಲೆಯಲ್ಲಿ ಹಳದಿ ತುಂಡು ಇದೆ, ಅದು ಅವರ ಮೊದಲನೇ ಶಾಲೆ ಲಂಗದ್ದಂತೆ. ಇಷ್ಟು ವರ್ಷದಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲ.

ಕುಡ್ಲದ ಮಳೆ

ಕೌದಿಗೆ ಮೊಳೆ ಹೊಡೆಯಬೇಡಿ. ಬೆನ್ನಿಗೆ ಮೇಲ್ಗಡೆ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಕೈಯಲ್ಲಿ ಹೊಲಿಯಿರಿ, ಅದರೊಳಗೆ ಕೋಲು ತೂರಿಸಿ ತೂಗುಹಾಕಿ. ಭಾರ ಸಮನಾಗಿ ಹಂಚುತ್ತದೆ, ಹಳೇ ಬಟ್ಟೆ ಹರಿಯುವುದಿಲ್ಲ. ಗೋಡೆಯಿಂದ ಒಂದಿಂಚು ಈಚೆ ಇರಲಿ. ಮಳೆಗಾಲದಲ್ಲಿ ಇಳಿಸಿ ಒಮ್ಮೆ ಒಣಗಿಸಿ.

ಬಿಸಿಲೂ ನೋಡಿಕೊಳ್ಳಿ. ಪಶ್ಚಿಮದ ಕಿಟಕಿ ಎದುರಿಗೇ ಕೌದಿ ಬಂದರೆ ಬಣ್ಣ ಹಾರುತ್ತದೆ.

ಸೈಟ್ ಇಂಜಿನಿಯರ್

ಬಿಸಿಲನ್ನು ಕಿಟಕಿಯ ಹೊರಗೇ ತಡೆಯಬೇಕು. ಒಳಗೆ ಎಷ್ಟು ದಪ್ಪ ಕರ್ಟನ್ ಹಾಕಿದರೂ ಗಾಜು ದಾಟಿ ಬಂದ ಕಾವು ಒಳಗೇ ಉಳಿಯುತ್ತದೆ. ಹೊರಗೆ ಸಜ್ಜಾ ಕೆಳಗಿನಿಂದ ಬಿದಿರಿನ ಚಿಕ್ ಇಳಿಬಿಡಿ. ಬೆಳಗ್ಗೆ ಸುತ್ತಿ ಮೇಲೆ ಕಟ್ಟಿದರೆ ಹಿಂದಿನ ಮನೆಯ ಅಜ್ಜಿಯ ಜೊತೆ ಮಾತಿಗೆ ಅಡ್ಡಿ ಇಲ್ಲ. ಮಧ್ಯಾಹ್ನ ಇಳಿಸಿದರೆ ಕಾವು ಹೊರಗೇ ನಿಲ್ಲುತ್ತದೆ.

ಗಿಡದ ಹುಚ್ಚು

ನನ್ನ ಗಿಡಗಳನ್ನು ಎಲ್ಲರೂ ಮರೆತಿರಾ?

ಅರೆಕಾ ಪಾಮ್ ವಾಪಸ್ ತಗೊಂಡೆ. 4 ಅಡಿ ಅಗಲದಲ್ಲಿ ಬೆಂಚಿನ ಪಕ್ಕ ಅದು ಬಂದರೆ ಅಮ್ಮನ ಮುಖಕ್ಕೆ ಎಲೆ ತಾಗುತ್ತದೆ. ಒಂದು ಸ್ನೇಕ್ ಪ್ಲಾಂಟ್ ಸಾಕು. ನೇರ ಮೇಲಕ್ಕೆ ಹೋಗುತ್ತದೆ, ಜಾಗ ತಿನ್ನುವುದಿಲ್ಲ, ನೀರು ಮರೆತರೂ ಬೇಜಾರಿಲ್ಲ. ಮನೆಯಲ್ಲಿ ತೆವಳುವ ಮಕ್ಕಳಿದ್ದರೆ ಡೈಫೆನ್‌ಬೇಕಿಯಾ ಬೇಡ. ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿ ಸೊಳ್ಳೆಗೆ ನಿಂತ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ. ವಾರಕ್ಕೊಮ್ಮೆ ತಟ್ಟೆ ತಿಕ್ಕಿ ಒಣಗಿಸಿ.

ಬಾಡಿಗೆ ಮನೆಯವ

ಮಗಳ ಫೋನ್ ಜಾಗ ಹೋಯಿತಲ್ಲ? ಅವಳ ಪರವಾಗಿ ಕೇಳುತ್ತಿದ್ದೇನೆ.

ಕುವೆಂಪುನಗರದವಳು

ಅವಳೇ ಕೇಳಿದಳು. ಅತ್ತೆ ಒಂಬತ್ತಕ್ಕೆ ಮಲಗುತ್ತಾರೆ, ಆಮೇಲೆ ಬೆಂಚು ಅವಳದ್ದು ಅಂತ ಒಪ್ಪಂದ ಆಗಿದೆ. ಲೈಟ್ ಯಾವುದು ಹಾಕಲಿ? ಈಗ ಇರುವುದು ಬಿಳೀ ಟ್ಯೂಬ್‌ಲೈಟ್. ಬೀಮ್ ಅಡ್ಡ ಬಂದು ಅರ್ಧ ಮೂಲೆ ನೆರಳು.

ಸೈಟ್ ಇಂಜಿನಿಯರ್

ಹಾಲ್‌ನ ಟ್ಯೂಬ್‌ಲೈಟ್ ಬೀಮ್ ದಾಟಿ ಬರುವುದಿಲ್ಲ. ಮೂಲೆಗೆ ಅದರದ್ದೇ ಲೈಟ್ ಬೇಕು, ಸ್ವಿಚ್ಚೂ ಬೇರೆ ಬೇಕು. ಬೆಂಚಿನಲ್ಲಿ ಕೂತವರ ಹೆಗಲ ಹಿಂದಿನಿಂದ ಬೆಳಕು ಬೀಳುವ ಹಾಗೆ ಗೋಡೆ ಲೈಟ್ ಹಾಕಿ. ಎಲ್ಇಡಿ ಡಬ್ಬದ ಮೇಲೆ ಕೆಲ್ವಿನ್ ಅಂತ ಅಂಕಿ ಇರುತ್ತದೆ. 6500 ಅಂದರೆ ಆಸ್ಪತ್ರೆ ಬಿಳುಪು. 2700ರಿಂದ 3000 ತಗೊಳ್ಳಿ, ಹಳದಿ ಬೆಳಕು, ಕೌದಿಯ ಬಣ್ಣ ಎದ್ದು ಕಾಣುತ್ತದೆ. ಸೊಪ್ಪಿನ ಹುಳ ನೋಡಲು ಬೆಳಗ್ಗಿನ ಕಿಟಕಿ ಬೆಳಕೇ ಸಾಕು.

ಪ್ಲಗ್ ಪಾಯಿಂಟನ್ನು ಬೆಂಚಿನ ಹಿಂದೆ ಮುಚ್ಚಿ ಹೋಗುವ ಹಾಗೆ ಬಿಡಬೇಡಿ. ಕೈ ಹಿಡಿಯ ಪಕ್ಕಕ್ಕೆ ತನ್ನಿ. ಗೋಡೆ ಒಣಗುವ ತನಕ ತೇವ ಇರುವ ಭಾಗದ ಪಾಯಿಂಟ್ ಬಳಸಬೇಡಿ.

ಇನ್ನೊಂದು. 2 ಇಂಚಿನ ಮೆಟ್ಟಿಲು. ಇಷ್ಟು ಹೊತ್ತು ಯಾರೂ ಅದರ ಮಾತೇ ಎತ್ತಲಿಲ್ಲ. ಅಮ್ಮನವರು ದಿನಾ ಆ ಮೂಲೆಗೆ ಹೋಗುವವರು ಅಂದ ಮೇಲೆ ನನಗೆ ಬಿರುಕಿಗಿಂತ ಇದರದ್ದೇ ಭಯ. ಆರು ಇಂಚಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ, ಎರಡು ಇಂಚಿನದ್ದು ಕಾಲಿಗೆ ಎಡವಿದ ಮೇಲೇ ಗೊತ್ತಾಗುವುದು. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಳಿಜಾರು ಕೊಟ್ಟರೆ 24 ಇಂಚು ಉದ್ದ ಬೇಕು. ಹಳೇ ಹಾಲ್‌ನ ಕಡೆಗೆ ಅಷ್ಟು ಜಾಗ ಬಿಡಲು ಆಗುತ್ತದಾ ನೋಡಿ. ಆಗದಿದ್ದರೆ ಅಂಚಿಗೆ ಉದ್ದಕ್ಕೂ ಬೇರೆ ಬಣ್ಣದ ಕಲ್ಲಿನ ಪಟ್ಟಿ ಕೂರಿಸಿ, ನಯ ಮಾಡದ್ದು. ಕೆಂಪಿಗೂ ಟೈಲ್ಸ್‌ಗೂ ನಡುವೆ ಕಪ್ಪು ಕಡಪ ಎದ್ದು ಕಾಣುತ್ತದೆ. ರಾತ್ರಿಗೆ ಕೆಳಗೊಂದು ಸಣ್ಣ ಲೈಟ್.

ಕುವೆಂಪುನಗರದವಳು

ಇಳಿಜಾರಿಗೆ ಜಾಗ ಇದೆ, ಟಿವಿ ಸ್ಟ್ಯಾಂಡ್ ಪಕ್ಕಕ್ಕೆ ಸರಿಸಬೇಕು ಅಷ್ಟೇ. ರೆಡ್ ಆಕ್ಸೈಡ್ ಮೇಲೆ ಸಿಮೆಂಟ್ ಹಾಕಿದರೆ ನೆಲ ಹಾಳಾಗುತ್ತಲ್ಲ ಅಂತ ಹೊಟ್ಟೆ ಉರಿ.

ಮರಗೆಲಸ

ಸಿಮೆಂಟ್ ಯಾಕೆ ಮೇಡಂ, ಮರದ್ದು ಮಾಡಿಕೊಡುತ್ತಾರೆ. ಕೆಳಗೆ ರಬ್ಬರ್ ಪಟ್ಟಿ ಅಂಟಿಸಿ, ಪಕ್ಕದ ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಸಿದರೆ ಜಾರುವುದಿಲ್ಲ. ಮೇಲ್ಮೈಗೆ ಗೀರು ಹೊಡೆಸಿ. ನಾಳೆ ತೆಗೆದರೂ ನೆಲ ಹಾಗೇ ಇರುತ್ತದೆ. ಕಾಲಿಟ್ಟಾಗ ಅಲ್ಲಾಡಬಾರದು, ಅದೊಂದು ನೋಡಿಕೊಳ್ಳಿ.

ವಾಸ್ತು ನಂಬುವವ

ಬೆಂಚು, ಡ್ರಾಯರ್ ತುಂಬ ಗೊಂಬೆ, ಹಿರಿಯರು. ನೈಋತ್ಯಕ್ಕೆ ಬೇಕಾದ ಭಾರ ಬಂತು. ನಾನು ಹೇಳಿದ್ದೇ ಕೊನೆಗೆ ಆಯಿತು, ಅಲ್ವಾ?

ಬಾಡಿಗೆ ಮನೆಯವ

ಆಯಿತು ಸರ್. ಗಾಡ್ರೇಜ್ ಬೀರು ಒಂದು ಬಿಟ್ಟು.

ಕುವೆಂಪುನಗರದವಳು

ಮಣ್ಣು ತೆಗೆಸಿದ್ದೇವೆ. ಪಪ್ಪಾಯ ಕಾಂಪೌಂಡ್ ಪಕ್ಕಕ್ಕೆ ಹೋಯಿತು, ಬದುಕುತ್ತದೋ ಗೊತ್ತಿಲ್ಲ. ಗೋಡೆ ಕೆರೆದು ಬಿಟ್ಟಿದ್ದೇವೆ. ಬೆಂಚು 5 ಅಡಿ ಉದ್ದ, 20 ಇಂಚು ಅಗಲ, ಹಾಸಿಗೆ ಸೇರಿ 18 ಇಂಚು ಎತ್ತರ. ಕಾರ್ಪೆಂಟರ್‌ಗೆ ಹೇಳಿಯಾಗಿದೆ. ದಸರಾಕ್ಕೆ ಗೊಂಬೆ ಹಾಲ್‌ನಲ್ಲೇ ಕೂರಿಸುತ್ತೇವೆ, ಆದರೆ ಪೆಟ್ಟಿಗೆಗಳು ಇನ್ನು ಮುಂದೆ ಡ್ರಾಯರ್‌ನಲ್ಲಿ. ಸೊಪ್ಪಿನ ಬುಟ್ಟಿಗೆ ಅಂತ ಬೆಂಚಿನ ತುದಿಯಲ್ಲಿ ಹಾಸಿಗೆ ಇಲ್ಲದ ಒಂದಡಿ ಹಲಗೆ ಬಿಡಿಸಿದ್ದೇನೆ. ಅದು ಅತ್ತೆಯವರು ಹೇಳಿದ್ದು, ಮೊದಲನೇ ಸಲ ಬಾಯಿ ಬಿಟ್ಟರು.

ಬಿರುಕಿನ ಜಾಗ ಮಾತ್ರ ಉಳಿದಿದೆ. ಮೂಲೆಗೆ ಮರದ ಬೀಡಿಂಗ್ ಹೊಡೆದು ಮುಚ್ಚಬಹುದಾ?

ಸೈಟ್ ಇಂಜಿನಿಯರ್

ಮುಚ್ಚಬಹುದು, ಎರಡು ಕಾಲ ಕಳೆದು ಪೆನ್ಸಿಲ್ ಗೆರೆ ನೋಡಿದ ಮೇಲೆ. ಪುಟ್ಟಿ ತುಂಬಿದರೆ ಗೋಡೆ ಸ್ವಲ್ಪ ಅಲುಗಿದರೂ ಮತ್ತೆ ಬಿಡುತ್ತದೆ. ಹಿಗ್ಗಿ ಕುಗ್ಗುವ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿ, ಅದರ ಮೇಲೆ ಬೀಡಿಂಗ್. ಬೀಡಿಂಗಿಗೆ ಮೊಳೆ ಹಳೇ ಗೋಡೆಯ ಕಡೆ ಮಾತ್ರ. ಎರಡೂ ಗೋಡೆಗೆ ಹೊಡೆದರೆ ಒಂದು ಗೋಡೆ ಅಲುಗಿದಾಗ ಮರ ಸೀಳುತ್ತದೆ ಇಲ್ಲವೇ ಮೊಳೆ ಕಿತ್ತು ಬರುತ್ತದೆ. ಕಾರ್ಪೆಂಟರ್‌ಗೆ ಇದನ್ನು ಎದುರಿಗೆ ನಿಂತು ಹೇಳಿ.

ಮರಗೆಲಸ

ಎದುರಿಗೆ ನಿಂತು ಹೇಳಿ ಅಂದದ್ದು ಸರಿಯಾಗಿದೆ. ಹೇಳದಿದ್ದರೆ ನಾವು ಎರಡೂ ಕಡೆ ಹೊಡೆಯುತ್ತೇವೆ.

ಹಾಸನದ ಹೊಸಬ

ಎಲ್ಲರಿಗೂ ನಮಸ್ಕಾರ, ಇವತ್ತೇ ಸೇರಿದೆ. ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗಿನ ಜಾಗ ಖಾಲಿ ಇದೆ. ಅಲ್ಲಿ ಏನು ಇಡಬಹುದು?

ಶಿರಸಿ ಕಡೆಯವಳು

ಬೇರೆ ಥ್ರೆಡ್ ತೆರೆಯಿರಿ, ಅಳತೆ ಬರೆದು ಫೋಟೊ ಹಾಕಿ. ಈಗ ಅಲ್ಲಿ ಏನೇನು ಬಿದ್ದಿದೆ ಅಂತಲೂ ಬರೆಯಿರಿ, ನಾಚಿಕೆ ಬೇಡ.